ಅಳತೆ ಪುಸ್ತಕ

ಮೊದಲು ಗಡಿಯಾರ ನೋಡಬೇಕು.
ಹೇಳಿದ್ದು ಪ್ರಿಯೋಳಕರ ಡಾಕ್ಟರು,
ಹೋದ ಶ್ರಾವಣದಲ್ಲಿ, ಮೊದಲ ಸಲ ಹೀಗಾದಾಗ.
ನಾಯಿಯನ್ನಲ್ಲ, ಗಡಿಯಾರವನ್ನು.
ನಾನು ನಗುವವಳಿದ್ದೆ. ನಗಲಿಲ್ಲ.

ನಾಲ್ಕು ಇಪ್ಪತ್ತೆರಡು. ವಾಸ್ಕೋ ಮಲಗಿದೆ,
ಬಂದರಿನ ದೀಪಗಳಷ್ಟೇ ಎಚ್ಚರ.
ಹೊಲಿಗೆ ಮಷೀನಿನ ಕೆಳಗೆ ಉಗುರು ನೆಲ ಕೆರೆಯುವ ಸದ್ದು.
ಪಾವ್ಲು ಓಡುತ್ತಿದ್ದಾನೆ ಮಲಗಿದಲ್ಲೇ,
ನಾಲ್ಕೂ ಕಾಲು ಎಲ್ಲಿಗೋ.
ಬಾಯಲ್ಲಿ ನೊರೆ. ಕಣ್ಣು ತೆರೆದೇ ಇದೆ,
ಅದರಲ್ಲಿ ನಾನಿಲ್ಲ.

ಕಬ್ಬಿಣದ ಪೆಡಲಿಗೆ ತಲೆ ಬಡಿಯದಂತೆ
ಮಷೀನನ್ನೇ ಎಳೆದೆ, ಅವನನ್ನಲ್ಲ.
ಕತ್ತರಿ, ಇಸ್ತ್ರಿಪೆಟ್ಟಿಗೆ, ಸ್ಟೂಲು, ಎಲ್ಲ ದೂರ.
ತಲೆಯಡಿಗೆ ಬಾರ್ರೆಟ್ಟೊ ಮನೆಯ ಮದುವೆ ಗೌನಿನ
ಅಸ್ತರು, ಮಡಚಿ. ನಾಳೆ ಬೈಸಿಕೊಂಡರಾಯಿತು.
ದೀಪ ಆರಿಸಿ, ಮೊಬೈಲಿನ ಬೆಳಕು ಗೋಡೆಗೆ ತಿರುಗಿಸಿ,
ಫ್ಯಾನಿನ ಕಟಕಟ ನಿಲ್ಲಿಸಿದೆ.
ಆಮೇಲೆ ಮಾಡುವುದು ಏನೂ ಇಲ್ಲ.
ಅದೇ ಕಷ್ಟದ ಕೆಲಸ.

ಹಿಡಿಯಬಾರದು. ಅಮುಕಬಾರದು.
ಬಾಯಿಗೆ ಕೈ ಹಾಕಬಾರದು,
ಯಾವ ನಾಯಿಯೂ ನಾಲಗೆ ನುಂಗುವುದಿಲ್ಲ.
ಮನುಷ್ಯರೂ ನುಂಗುವುದಿಲ್ಲ, ಅಂದಿದ್ದರು ಡಾಕ್ಟರು,
ಅದನ್ನು ಕೇಳಿ ನಾನು
ಅವರ ಮೇಜಿನ ಅಂಚು ಹಿಡಿದುಕೊಂಡಿದ್ದೆ.

ಕದ ಬಡಿದಳು ಎಸ್ಪೆರಾನ್ಸಾ ಬಾಯಿ,
ಬೀಗದ ಕೈ ಗೊಂಚಲು ಒಂದು ಕೈಯಲ್ಲಿ,
ಸುಲಿದ ಈರುಳ್ಳಿ ಇನ್ನೊಂದರಲ್ಲಿ.
ತುಟಿಗೆ ಬೆರಳಿಟ್ಟೆ. ಎಣಿಸು ಬಾಯಿ, ಸುಮ್ಮನೆ ಎಣಿಸು.
ಏಕ್, ದೋನ್, ತೀನ್ ಎಂದು ಎಣಿಸಿದಳು ಪಿಸುಮಾತಲ್ಲಿ
ನಡುನಡುವೆ ಸಾಯ್ಬಿಣ್ ಮಾಯ್‌ಯನ್ನು ಕರೆಯುತ್ತ.
ಅವಳ ಲೆಕ್ಕ ತಪ್ಪಿತು. ಗಡಿಯಾರ ತಪ್ಪಲಿಲ್ಲ.

ಬಾಯ್ನಾ ದಂಡೆಯ ಮೇಲೆ ನಮ್ಮ ತಗಡಿನ ಮನೆ.
ನನಗೆ ಹನ್ನೆರಡು, ನೀಲವ್ವನಿಗೆ ಒಂಬತ್ತು.
ಅವಳು ಬಿದ್ದಾಗೆಲ್ಲ ಓಣಿಯೇ ಬರುತ್ತಿತ್ತು,
ಕೀಲಿ ತಂದವರು, ಚಪ್ಪಲಿ ತಂದವರು,
ಅದಿರು ಎತ್ತುವ ಸಲಿಕೆಯನ್ನೇ ತಂದವರು,
ಕಾಲ ಮೇಲೆ ಕೂತವರು.
'ಹಲ್ಲ ಕಚ್ಚ್ಯಾಳ, ನಾಲಿಗಿ ಹೋದೀತು, ಚಮಚಾ ತಾ!'
ತಂದವಳು ನಾನು. ತುರುಕಿದವಳೂ ನಾನು.
ಅಪ್ಪನ ಹೆಸರು ಕೊರೆಸಿದ್ದ ಸ್ಟೀಲಿನ ಚಮಚ,
ಹೊಸದಾಗಿ ಬಂದಿದ್ದ ಮುಂದಿನ ಹಲ್ಲು.
ಆ ಸದ್ದು
ಸೂಜಿಯಡಿ ಗುಂಡಿ ಒಡೆದಾಗ ಈಗಲೂ ಕೇಳುತ್ತದೆ.

ಎರಡು ನಿಮಿಷ ಹತ್ತು ಸೆಕೆಂಡು.
ಐದು ದಾಟಿದರೆ ಪೆದ್ರುವಿನ ರಿಕ್ಷಾ,
ದಾಟುವ ಮೊದಲೇ ಅವನಿಗೆ ಫೋನು.
ಒಂದರ ಬೆನ್ನಿಗೆ ಇನ್ನೊಂದು ಬಂದರೂ ಅಷ್ಟೆ,
ಚಪ್ಪಲಿ ಹುಡುಕದೆ ಹೊರಡಬೇಕು.
ಬೇಕಾಗಲಿಲ್ಲ. ಕಾಲುಗಳು ಒಂದೊಂದಾಗಿ
ಓಟ ಮುಗಿಸಿದವು. ನೆಲದ ಮೇಲೆ ಉಚ್ಚೆ ಹರಿಯಿತು.

ಎದ್ದ. ಗೋಡೆಗೆ ಹಾಯ್ದ. ನನ್ನನ್ನು ನೋಡಿ ಗುರ್ರೆಂದ
ನಾಲ್ಕು ವರ್ಷ ನನ್ನ ಕಾಲ ಬುಡದಲ್ಲೇ ಮಲಗಿದವ.
ಬೇಜಾರು ಮಾಡಿಕೊಳ್ಳಬಾರದು. ದೂರ ಕೂತು
ಹೆಸರು ಹೇಳುತ್ತಿರಬೇಕು. ನೀರು ಆಮೇಲೆ,
ನುಂಗುವುದು ಅವನಿಗೆ ನೆನಪಾದ ಮೇಲೆ.
ಪಾವ್ಲು. ಪಾವ್ಲು.
ಈರುಳ್ಳಿ ಹಿಡಿದೇ ಕೂತಿದ್ದಳು ಎಸ್ಪೆರಾನ್ಸಾ,
ಕಣ್ಣೀರು ಈರುಳ್ಳಿಯದೇ ಅಂದಳು.

ಬೆಳಗಾಗುವಾಗ ಪೊದೇರನ ಸೈಕಲ್ಲು ಪೋಂ ಪೋಂ.
ಒಂದು ಕಿವಿ ಎದ್ದಿತು.
ಆ ಪಾವಿನ ಬುಟ್ಟಿಯ ಹಿಂದೆ ಓಡಿ ಓಡಿಯೇ ಅವನಿಗೆ ಆ ಹೆಸರು.
ಇವತ್ತು ಕಿವಿ ಮಾತ್ರ.

ಅಳತೆ ಪುಸ್ತಕದಲ್ಲಿ ಬರೆದೆ, ಬೇರೆ ಹಾಳೆ ಸಿಗಲಿಲ್ಲ:
ಎದೆ ಮೂವತ್ತಾರು, ತೋಳು ಒಂಬತ್ತೂವರೆ,
ಮಂಗಳವಾರ, ನಾಲ್ಕು ಇಪ್ಪತ್ತೆರಡು, ಎರಡು ನಿಮಿಷ ಹತ್ತು.
ರಾತ್ರಿಯ ಗುಳಿಗೆ ತಡವಾಗಿತ್ತು. ಗೌನು. ನನ್ನ ತಪ್ಪು.

ಏಳಕ್ಕೆ ಲೋಂಡಾಕ್ಕೆ ಫೋನು ಮಾಡಿದೆ.
ನೀಲವ್ವ ಎಲ್ಲ ಕೇಳಿದಳು, ಎರಡು ಸಲ ಹೂಂ ಅಂದಳು.
ನಗುವಾಗ ಸೆರಗು ಬಾಯಿಗೆ ಹೋಗುತ್ತದೆ ಅವಳದು,
ಫೋನಿನಲ್ಲಿ ಅದು ಕಾಣುವುದಿಲ್ಲ.
'ಚಮಚಾ ಹಾಕಲಿಲ್ಲಲ್ಲ ಮತ್ತ?' ಅಂದಳು.
ಇಲ್ಲ ಅಂದೆ.
'ಚಲೋ ಆತು ಬಿಡು', ಅಂದು ನಕ್ಕಳು.