ಹಚ್ಚದ ಬೀಡಿ

ಸಿದ್ದಾಪುರದಲ್ಲಿ, ಕರಿಮೆಣಸಿನ ಮಂಡಿಯ ಮಾಳಿಗೆ ಮೇಲೆ
ನಮ್ಮ ಆಫೀಸು. ಎರಡು ಕುರ್ಚಿ, ಒಂದು ಫ್ಯಾನು.
ಕೆಳಗಿಂದ ಏರುವ ಘಾಟಿಗೆ ಸೀನುತ್ತ ಸೀನುತ್ತ
ಆನೆಗಳನ್ನು ನಕ್ಷೆಗೆ ಇಳಿಸುತ್ತೇನೆ.

ಮೊದಮೊದಲು ಆನೆಯೂ ಕೆಂಪು ಗುಂಡುಸೂಜಿಯೇ,
ಬೇಕರಿಗೂ ಪೆಟ್ರೋಲ್ ಬಂಕಿಗೂ ಚುಚ್ಚುವಂಥದ್ದು.
'ಇದೆಂಥ, ಆನೆಗೆ ಇಂಜೆಕ್ಷನ್ನಾ?' ಅಂದ ಚುಬ್ರಣ್ಣ,
ಮಾಲ್ದಾರೆ ಕಡೆಯ ಕಾವಲಿನವನು,
ಲದ್ದಿಗೆ ಕಾಲ್ಬೆರಳಿಟ್ಟು ಹೊತ್ತು ಹೇಳುವವನು.

ಸೂಜಿ ಕಿತ್ತು ಆನೆಯನ್ನೇ ಬರೆದೆ.
ಸೊಂಡಿಲಿಗೆ ಜಾಗ ಸಾಲದೆ ಕಿವಿ ಸಣ್ಣದಾಯಿತು.
ಮಾರನೆ ದಿನವೇ ಕರಡಿಗೋಡಿನಿಂದ ಫೋನು:
'ಏನಮ್ಮಾ, ನಿನ್ನ ಆನೆ ನನ್ನ ಕಣದಲ್ಲಿ ನಿಂತಿದೆಯಂತೆ,
ಇಲ್ಲಿ ಕಾಫಿ ಒಣಗ್ತಾ ಇದೆ, ನಾಯಿ ಮಲಗಿದೆ.'
ಚಿತ್ರದ ಯಾವ ಬಿಂದು ನೆಲಕ್ಕೆ ತಾಗಬೇಕೆಂದು
ನಾನು ಹೇಳಿರಲೇ ಇಲ್ಲ.
ದೂರದಿಂದ ನೋಡಿದರೆ ಆನೆ ಹೊಳೆ ದಾಟುತ್ತಿತ್ತು,
ಹತ್ತಿರ ಎಳೆದರೆ ಹಿಂದಿರುಗುತ್ತಿತ್ತು,
ಬೆರಳೆರಡು ಅಗಲಿಸಿ ಕೂಡಿಸಿದಷ್ಟಕ್ಕೇ
ಕಾವೇರಿಯ ಈ ದಡ, ಆ ದಡ.
ಒಂದು ಸಾಲು ತಿದ್ದಿದೆ. ಆನೆ ಕಾಲೂರಿತು.

ಆಮೇಲೆ ಹೊತ್ತಿನ ತಕರಾರು.
ಆರಕ್ಕೆ ಕಂಡದ್ದು ಹತ್ತಕ್ಕೂ ಅಲ್ಲೇ ಕಪ್ಪಗೆ ನಿಂತಿದ್ದರೆ
ಲೈನ್‌ಮನೆಯ ಹೆಂಗಸರು ಕೆಲಸಕ್ಕೆ ಹೋಗುವುದೆಂತು?
'ನಾಲ್ಕು ಗಂಟೆ ಹಿಂದಿನ ಆನೆ ಆನೆಯಲ್ಲ ಮಗಾ,
ಬರೀ ಲದ್ದಿ.'
ಗಂಟೆಗೊಂದು ಪಾಲು ಬಣ್ಣ ಇಳಿಸಿದೆ,
ಮಂಜು ಕವಿದಂತೆ.

ನಕ್ಷೆ ಕುಗ್ಗಿಸಿದರೆ ಒಂಬತ್ತೂ ಸೇರಿ ಒಂದು ಉಂಡೆ, ನಡುವೆ ಅಂಕಿ.
'ಮರಿ ಎಷ್ಟು ಅದರಲ್ಲಿ?'
ಅಂಕಿಗೆ ಗೊತ್ತಿಲ್ಲ.
'ಮರಿ ಇದ್ದರೆ ಒಂಬತ್ತು ಒಂಬತ್ತಲ್ಲ.'
ಪಕ್ಕಕ್ಕೊಂದು ಪುಟ್ಟ ಚುಕ್ಕಿ ಇಟ್ಟೆ. ಅದು ಮರಿ.

ಇಷ್ಟಾದರೂ ಅವನನ್ನು ಮುಟ್ಟಿರಲಿಲ್ಲ.
ಅವನು ಫೋನಿನ ಜೊತೆಗೇ ಬಂದ ನೀಲಿ ಚುಕ್ಕೆ,
ಯಾರೋ ಎಲ್ಲೋ ಎಲ್ಲರಿಗೂ ಆರಿಸಿಟ್ಟ ನೀಲಿ.
ಸುತ್ತ ತೆಳು ಬಳೆ: ಇಷ್ಟರೊಳಗೆ ಎಲ್ಲಾದರೂ ಇದ್ದಾನು.
ಹಲಸಿನ ಮರದಡಿ ಹೋದರೆ ಬಳೆ ಊದಿ
ಅರ್ಧ ತೋಟ ನುಂಗುತ್ತಿತ್ತು.
ಚುಕ್ಕೆಯ ಮೂತಿಗೊಂದು ಬಾಣ.

'ಬಾಣ ಸುಳ್ಳು ಹೇಳ್ತದೆ,' ಅಂದ ಒಂದು ಸಂಜೆ.
'ಆನೆ ಎದುರಿಗಿದ್ದರೆ ನಾನು ಬೆನ್ನು ತೋರಿಸಲ್ಲ,
ಹಿಂದ್ಹಿಂದಕ್ಕೇ ನಡೀತೇನೆ, ಕಣ್ಣು ಅದರ ಮೇಲೆ.
ನಿನ್ನ ಬಾಣ ನೋಡಿದರೆ
ನಾನು ತಿರುಗಿ ಓಡ್ತಿದ್ದೇನೆ ಅಂತದೆ.'
ನಡೆಯ ದಿಕ್ಕು ಬಿಡಿಸಿ ಮುಖದ ದಿಕ್ಕು ಹಿಡಿಸಲು
ಎರಡು ದಿನ ಬೇಕಾಯಿತು.

ನಿನಗ್ಯಾವ ಚಿತ್ರ ಇಡಲಿ ಚುಬ್ರಣ್ಣಾ?
ಟೋಪಿ? ಟಾರ್ಚು? ನಿನ್ನದೇ ಫೋಟೊ?
ಮೆಟ್ಟಿಲ ಮೇಲೆ ಕೂತು ಬೂಟಿನ ಜಿಗಣೆ ಕೀಳುತ್ತಿದ್ದ.
'ಬೀಡಿ,' ಅಂದ.
'ರಾತ್ರಿ ಹಚ್ಚುವ ಹಾಗಿಲ್ಲ, ಅದರ ಮೂಗಿಗೆ ಮೊದಲು ಹೊಡೀತದೆ.
ಫೋನಿನಲ್ಲಾದರೂ ಹಚ್ಚಿಡು.'

ಮಂಡಿಯ ಹಮಾಲಿಯಿಂದ ಒಂದು ಇಸಕೊಂಡೆ,
ಕಿಟಕಿ ಮುಚ್ಚಿ, ಕತ್ತಲಲ್ಲಿ ಹಚ್ಚಿ, ಕೆಮ್ಮಿ ಕೆಮ್ಮಿ ನೋಡಿದೆ:
ಎಳೆದಾಗ ಕಿತ್ತಳೆ, ಬಿಟ್ಟಾಗ ಇಟ್ಟಿಗೆಗೆಂಪು.
ನೀಲಿ ಅಳಿಸಿದೆ.

ಈ ರಾತ್ರಿ ಗುಹ್ಯದ ಹತ್ತಿರ ಏಳು, ಪಕ್ಕದಲ್ಲೊಂದು ಚುಕ್ಕಿ.
ಎದುರಿಗೆ ಒಂದು ಕಿಡಿ
ಮುಖ ತಿರುಗಿಸದೆ ಹಿಂದೆ ಸರಿಯುತ್ತಿದೆ,
ಉರಿದು, ಮಂಕಾಗಿ, ಉರಿದು.
ಸಿಗ್ನಲ್ ಒಂದೇ ಕಡ್ಡಿ.
ಪರದೆ ಆರದಂತೆ ಆಗಾಗ ಬೆರಳು ತಾಗಿಸುತ್ತ
ಕೂತಿದ್ದೇನೆ.