ಮೊಣಕೈ ತನಕ

ಕಲಬುರಗಿ ದವಾಖಾನಿ ಗೋಡೆ ಮ್ಯಾಲ ಬರದಾರ:
ಸಂಜಿ ನಾಕರಿಂದ ಐದು. ಪಾಸಿಗೆ ಒಬ್ಬರು.
ಚಪ್ಪಲಿ ಹೊರಗ. ಹೂವು, ಹಣ್ಣು, ಕೂಸು ಬ್ಯಾಡ.
ಉಂಗುರ, ಗಡಿಯಾರ, ಬಳಿ ತಗದು
ಮೊಣಕೈ ತನಕ ತೊಳೀರಿ.

ಜಗದೇವಿ ಓದಿದಳು, ಮತ್ತ ಓದಿದಳು.
ಒಳಗ ಅಂಬಾರಾಯ, ನನ್ನ ತಮ್ಮ, ಪೈಪಿನಾಗ ಉಸಿರಾಡ್ತಾನ,
ಹೊರಗ ನಿಂತು ಹೆಂಡತಿ ಬಳಿ ಕಳೀಬೇಕಂದ್ರ!
"ಅಕ್ಕಾ, ನೀನ ಹೋಗು,
ನಿನ್ನ ಕೈಗೇನೂ ತಕರಾರಿಲ್ಲಲ್ಲ"
ಅಂದು, ನಾಲಿಗಿ ಕಚ್ಚಿಕೊಂಡಳು.

ಖರೇ ಅದ. ಹನ್ನೊಂದು ವರ್ಷದಿಂದ
ಈ ನೇಮಕ್ಕ ತಯಾರಾದ ಕೈ ನಂದು.

ಸಿಸ್ಟರ್ ರೂತಮ್ಮ ಬೈಲಿಲ್ಲ.
ತನ್ನ ಬರೀ ಮುಂಗೈ ತೋರಿಸಿದಳು:
"ನನಗೂ ಗಂಡ ಅದಾನವ್ವ, ಡಿಪೋದಾಗ ಡ್ರೈವರ್.
ಬಳಿ ಸಂದಿಯೊಳಗ ಕೂತದ್ದು ನೀರಿಗಿ ಹೋಗಂಗಿಲ್ಲ,
ನಿನ್ನ ಗಂಡನ ಗಾಯಕ್ಕ ಹೋಗ್ತದ."

ನಲ್ಲಿ ಕೆಳಗ ಸೋಪು ಹಚ್ಚಿ
ಒಂದೊಂದೇ ಇಳಿಸಿದಳು. ಒಂದೂ ಒಡೀಲಿಲ್ಲ.
ಹನ್ನೆರಡು ಹಸರು ಬಳಿ, ನೊರಿ ಸಮೇತ, ನನ್ನ ಬೊಗಸಿಗೆ.

ಎಲ್ಲಿ ಇಡ್ಲಿ?
ಬೆಂಚಿನ ತುಂಬ ಯಾರದೋ ಡಬ್ಬಿ, ನೆಲಕ್ಕ ಫಿನಾಯಿಲ್,
ಉಡಿಯೊಳಗ ಕಟ್ಟಿದ್ರ ಒಡೀತಾವ.
ಆಳಂದದ ಬೀಗರು ಚಾಕ್ಕ ಎದ್ದು ಹೋದ ಮ್ಯಾಲ
ಮುಂಗೈಗೆ ಏರಿಸಿಕೊಂಡೆ.
ಸಪ್ಪಳ ಆಗಬಾರದಂತ ಸೆರಗು ಮುಚ್ಚಿದೆ.

ಹತ್ತು ನಿಮಿಷಕ್ಕ ಬಂದಳು, ಮಾಸ್ಕ್ ತೊಯ್ದಿತ್ತು.
"ಬೆರಳು ಅಲ್ಲಾಡಿಸಿದ."

ಹನ್ನೊಂದು ಬಳಿ ಬಂದ್ವು. ಒಂದು ಬರಲಿಲ್ಲ.
ಆಕಿ ಏನೂ ಕೇಳಲಿಲ್ಲ.
ಸೋಪು ಬೇಕಂತ ಇಬ್ಬರೂ
ಮತ್ತ ನಲ್ಲಿಗೆ ಹೋದ್ವಿ.