ಸೊನ್ನೆಗಳ ಗುಮಾಸ್ತೆ

ತಿಂಗಳ ಕೊನೆಯ ಶುಕ್ರವಾರ ನಾನು
ಎಕ್ಸ್‌ರೇ ವಿಭಾಗದವರ ಎದೆಯಿಂದ ಬ್ಯಾಡ್ಜು ಬಿಚ್ಚಿಕೊಳ್ಳುವವಳು.
ಹದಿನೇಳು ಜನ. ಬೆಂಕಿಪೊಟ್ಟಣದಷ್ಟಗಲ ಪ್ಲಾಸ್ಟಿಕ್ಕು ಹದಿನೇಳು.
ಲಕೋಟೆಗೆ ಹಾಕಿ, ಎಂಜಲು ಹಚ್ಚಿ, ಅಂಚೆಗೆ.
ಬರುವ ಉತ್ತರ ಹೆಚ್ಚಾಗಿ ಸೊನ್ನೆ.
ಕ್ಯಾಂಟೀನಿನಲ್ಲಿ ನನಗೆ ಇಟ್ಟ ಹೆಸರು ಇದೇ,
ಸೊನ್ನೆಗಳ ಗುಮಾಸ್ತೆ.

ಈ ಸಲ ಕೆರೆನ್ಸಾ ಬಾಗಿಲು ಮುಂದೆ ಮಾಡಿ ನಿಂತಳು.
ಹನ್ನೊಂದು ವಾರ, ಅಂದಳು, ಇನ್ನೂ ಯಾರಿಗೂ ಹೇಳಿಲ್ಲ.
ಲವ್‌ಡೇ, ಸಮಾಧಾನ ಬೇಡ, ಎಷ್ಟು ಹೇಳು.

ರಿಜಿಸ್ಟರು ತೆಗೆದೆ. ಆರು ವರ್ಷ ಕೂಡಿಸಿದರೂ
ಒಂದು ಮಿಲಿಸೀವರ್ಟ್ ತುಂಬಲಿಲ್ಲ:
ಸೊನ್ನೆ, ಚುಕ್ಕಿ, ನಾಲ್ಕು.
ಚುಕ್ಕಿಯನ್ನು ಬೆರಳಿನಿಂದ ಒತ್ತಿ ತೋರಿಸಿದೆ,
ಅವಳ ಕಣ್ಣು ನಾಲ್ಕರ ಮೇಲೆಯೇ ಇತ್ತು.

ಕಿಟಕಿಯಾಚೆ ಕಾರ್ನ್‌ವಾಲಿನ ಗ್ರಾನೈಟ್ ಗುಡ್ಡ
ಮಂಜಿನಲ್ಲಿ ಮೆಲುಕು ಹಾಕುತ್ತ ಮಲಗಿತ್ತು.
ನಿನ್ನ ಮನೆ ಕಟ್ಟಿದ್ದು ಆ ಕಲ್ಲಿನಿಂದಲೇ ತಾನೆ, ಅಂದೆ,
ಅಡುಗೆಮನೆಯ ನೆಲದ ಬಿರುಕಿನಿಂದ ರೇಡಾನ್ ಏಳುತ್ತದೆ,
ಬಾಡಿಗೆ ಕೊಡದೆ ಕೂರುತ್ತದೆ.
ನೀನು ಕಿಟಕಿ ಮುಚ್ಚಿ ಮಲಗಿದ ಒಂದು ಚಳಿಗಾಲ
ಇಲ್ಲಿನ ಆರು ವರ್ಷವನ್ನು ನುಂಗಿ ನೀರು ಕುಡಿದೀತು.
ಮತ್ತೆ ಆ ರೆಡ್‌ರೂತ್ ರಸ್ತೆ, ಮಂಜು, ನಿನ್ನ ಹಳೇ ಕಾರು—

ಅದು ನನ್ನ ಶ್ವಾಸಕೋಶದ ಲೆಕ್ಕ, ಅಂದಳು,
ನಾನು ಕೇಳಿದ್ದು ಇದರದು.
ಕೈ ಹೊಟ್ಟೆಯ ಮೇಲಿತ್ತು.

ಸುಮ್ಮನಾದೆ. ನನ್ನಪ್ಪ ಪ್ಯಾಸ್ಕೋ
ಇಪ್ಪತ್ತೊಂಬತ್ತು ವರ್ಷ ತವರದ ಗಣಿಗೆ ಇಳಿದವನು.
ಅವನ ಎದೆಗೆ ಯಾರೂ ಬ್ಯಾಡ್ಜು ಸಿಕ್ಕಿಸಲಿಲ್ಲ.
ಕೆಮ್ಮು ಶುರುವಾದಾಗ ಕಂಪನಿಯ ಡಾಕ್ಟರು
ತುಂಬಾ ನಯವಾಗಿ ಹೇಳಿದ್ದ,
ಬೀಡಿಗಿಂತ ಏನು ಮಹಾ, ಪ್ಯಾಸ್ಕೋ.
ಹೋಲಿಕೆ ಸರಿಯೇ ಇತ್ತೇನೋ.
ಅವನು ಬೀಡಿಯನ್ನೂ ಸೇದುತ್ತಿದ್ದ.

ಕುರ್ಚಿ ಎಳೆದು ಅವಳ ಪಕ್ಕ ಕೂತೆ.
ಮಗುವಿಗೆ ಮಿತಿ ಒಂದು, ಅಂದೆ. ನೀನು ಗಾಜಿನ ಹಿಂದೆ ನಿಂತರೆ
ಅದರ ನೂರರಲ್ಲೊಂದು ಪಾಲೂ ಮುಟ್ಟುವುದು ಕಷ್ಟ.
ಆಪರೇಷನ್ ಕೋಣೆಯ ಪಾಳಿ ಬೇರೆಯವರಿಗೆ ಹಾಕೋಣ.
ಸೊಂಟಕ್ಕೆ ಇನ್ನೊಂದು ಬ್ಯಾಡ್ಜು ತರಿಸುತ್ತೇನೆ.
ಭಯ ಪೂರ್ತಿ ಹೋಗುತ್ತದಾ?
ಇಲ್ಲ. ಆದರೆ ಪ್ರತಿ ತಿಂಗಳು ಅದನ್ನು ಅಳೆಯಬಹುದು.

ಮೂಗು ಒರೆಸಿಕೊಂಡು ನಕ್ಕಳು,
ನನ್ನ ಬಿಸ್ಕತ್ತು ಡಬ್ಬಿಯನ್ನು ಅರ್ಧ ಖಾಲಿ ಮಾಡಿದಳು.

ಸೋಮವಾರ ಪ್ರಯೋಗಾಲಯದಿಂದ ಫೋನು:
ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಬಂದಿದೆ,
ಕೈತಪ್ಪೇ?
ಇಲ್ಲ, ಅಂದೆ, ಇಬ್ಬರಿದ್ದಾರೆ.